ನೀವು ಇಲಿ

ಮಾರ್ಚ್ 3, ಸೋಮವಾರ

ತಮ್ಮ ನನ್ನ ಮನೆಗೆ ಬಂದು ಇವತ್ತಿಗೆ ಹನ್ನೆರಡು ದಿನ. ಇನ್ನು ಇಪ್ಪತ್ತೆಂಟು ದಿನ. ಮೂವತ್ತೊಂದಕ್ಕೆ ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತದೆ, ಅವನ ಮಗಳು ಬಂದು ಕರೆದುಕೊಂಡು ಹೋಗುತ್ತಾಳೆ. ಆಮೇಲೆ ನನ್ನ ಮನೆ ನನಗೆ. ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದೇನೆ.

ಆ ಹುಡುಗಿಯದೇನೂ ತಪ್ಪಿಲ್ಲ. ರೈಲಿನಲ್ಲಿ ಗಾರ್ಡ್ ಕೆಲಸ. ಹೊರಟರೆ ನಾಲ್ಕು ದಿನ ಮನೆ ಕಡೆ ತಲೆ ಹಾಕುವ ಹಾಗಿಲ್ಲ. "ಅತ್ತೆ, ಒಂದು ನಲವತ್ತು ದಿನ ಅಷ್ಟೇ, ನಿಮ್ಮನ್ನ ಬಿಟ್ರೆ ನನಗೆ ಯಾರಿದಾರೆ?" ಎಂದಳು. ನಾನು ಮದುವೆ ಮಕ್ಕಳು ಎಂದು ಕಟ್ಟಿಕೊಂಡವಳಲ್ಲ, ನಿವೃತ್ತಿಯಾಗಿದೆ, ಮನೆಯಲ್ಲಿ ಎರಡು ಕೋಣೆ ಇವೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ತಮ್ಮನಿಗೂ ನನಗೂ ಆರು ವರ್ಷದಿಂದ ಮಾತಿರಲಿಲ್ಲ. ಅದೂ ಒಂದು ಒತ್ತಕ್ಷರಕ್ಕೆ. ಅವನು ಊರಿನ ಅರ್ಧ ಅಂಗಡಿಗಳ ಬೋರ್ಡ್ ಬರೆದವನು, ಎಲ್ಲರ ಬಾಯಲ್ಲೂ ಅವನ ಹೆಸರೇ 'ಬೋರ್ಡು'. ನಾನು ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಆರು ವರ್ಷದ ಹಿಂದೆ ನಾನು ಈ ಮನೆಗೆ ಬಂದ ದಿನ ಬಾಗಿಲಿಗೆ ಹಾಕಲೆಂದು ಅವನು ಒಂದು ಹಲಗೆ ಬರೆದು ತಂದ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ, ಪಕ್ಕದಲ್ಲಿ ಬೂದು ನೆರಳು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನು ನೋಡಿದರೆ 'ನೆಮದಿ' ಎಂದಿದೆ. "ಮಾವತ್ತು ಎಲ್ಲಪ್ಪಾ, ದಾರೀಲಿ ಬಿದ್ದುಹೋಯ್ತಾ?" ಎಂದುಬಿಟ್ಟೆ, ಎಲ್ಲರೆದುರು. ತಪ್ಪು ಕಂಡರೆ ನನ್ನ ನಾಲಿಗೆ ನಿಲ್ಲುವುದಿಲ್ಲ. ಅವನು ಹಲಗೆಯನ್ನು ಗೋಡೆಗೆ ಒರಗಿಸಿ ಚಪ್ಪಲಿ ಮೆಟ್ಟಿಕೊಂಡು ಹೋದ. ಹಲಗೆ ಈಗಲೂ ಮಂಚದ ಕೆಳಗಿದೆ.

ಈಗ ನೋಡಿದರೆ ಪಾರ್ಶ್ವವಾಯು ಬಂದು ಬಲಗೈ, ಬಲಗಾಲು, ಮಾತು ಮೂರಕ್ಕೂ ಕೈ ಹಾಕಿದೆ. ನಾಲ್ಕಾರು ಮಾತು ಬರುತ್ತವೆ, ಅವುಗಳಲ್ಲೂ ಒತ್ತಕ್ಷರ ಬಿದ್ದುಹೋಗಿದೆ. ಹಲ್ಲಿಗೆ 'ಹಲು', ಬೆಣ್ಣೆಗೆ 'ಬೆಣೆ'. ನನ್ನನ್ನು 'ಅಕ' ಎನ್ನುತ್ತಾನೆ. ಅದೂ ದಿನಕ್ಕೊಮ್ಮೆ, ನೀರು ಬೇಕಾದಾಗ. ಉಳಿದಂತೆ ಕಿಟಕಿಯ ಪಕ್ಕ ಕೂತು ತನ್ನ ಕಾಲನ್ನು ತಾನೇ ನೋಡಿಕೊಳ್ಳುತ್ತಾನೆ.

ವ್ಯಾಯಾಮ ಮಾಡಿಸುವ ಹುಡುಗಿ ಇವತ್ತು ಬಂದು ಗದರಿಸಿದಳು. "ದಿನಾ ನಡೆಸಿ ಅಮ್ಮಾ. ನೆಲ ಸಮ ಇರಬೇಕು, ಹಿಡ್ಕೊಳ್ಳೋಕೆ ಕಂಬಿ ಇರಬೇಕು." ನಮ್ಮ ಬೀದಿಯಲ್ಲಿ ಸಮ ನೆಲ ಎಲ್ಲಿಂದ ತರಲಿ ಎಂದೆ. "ಹೊಸ ಮಾಲ್‌ಗೆ ಕರ್ಕೊಂಡು ಹೋಗಿ. ತಂಪಾಗಿರುತ್ತೆ, ಜನಾನೂ ಇರಲ್ಲ" ಎಂದಳು.

ಮಾರ್ಚ್ 5, ಬುಧವಾರ

ಮಾಲ್ ಅಲ್ಲ ಅದು, ಯಾರೋ ತಲೆ ಕೆಟ್ಟವನು ಕಂಡ ಕನಸು!

ಏಳು ಮಹಡಿ. ನಾನೂರ ಎಂಬತ್ತು ಅಂಗಡಿ ಎಂದು ಹೊರಗೆ ಆಳೆತ್ತರದ ಅಕ್ಷರದಲ್ಲಿ ಬರೆದಿದ್ದಾರೆ. ಒಳಗೆ ತೆರೆದಿರುವುದು ಐವತ್ತೂ ಇಲ್ಲ. ಉಳಿದ ಬಾಗಿಲುಗಳ ಮೇಲೆಲ್ಲ 'ಶೀಘ್ರದಲ್ಲೇ', 'ಶೀಘ್ರದಲ್ಲೇ'. ಈ 'ಶೀಘ್ರದಲ್ಲೇ' ಎನ್ನುವವನು ಯಾರೋ ಭಾರಿ ಕುಳ ಇರಬೇಕು, ಪ್ರತಿ ಮಹಡಿಯಲ್ಲೂ ಅವನದೇ ಅರವತ್ತು ಅಂಗಡಿ.

ನೆಲಮಹಡಿಯಲ್ಲಿ ನದಿ. ನಿಜವಾಗಿಯೂ ನದಿ, ಮೊಣಕಾಲುದ್ದ ನೀರು, ಅದರಲ್ಲಿ ಮೂರು ದೋಣಿ, ಪಟ್ಟೆ ಅಂಗಿಯ ಒಬ್ಬ ದೋಣಿಯವ. ನಡುವೆ ಗಂಟೆಗೊಮ್ಮೆ ಹೊಗೆ ಉಗುಳುವ ಜ್ವಾಲಾಮುಖಿ. ಐದನೇ ಮಹಡಿಯಲ್ಲಿ ಹಿಮದ ಬೆಟ್ಟ ಇದೆಯಂತೆ, ಹಿಮ ಇನ್ನೂ ಬಂದಿಲ್ಲ. ಛಾವಣಿಗೆ ಆಕಾಶ ಬಳಿದು ಅದರ ಹಿಂದೆ ದೀಪ ಇಟ್ಟಿದ್ದಾರೆ. ನಲವತ್ತು ನಿಮಿಷಕ್ಕೊಮ್ಮೆ ಬೆಳಗಾಗಿ, ಮಧ್ಯಾಹ್ನವಾಗಿ, ಸೂರ್ಯ ಮುಳುಗುತ್ತಾನೆ. ಎರಡು ಗಂಟೆಯಲ್ಲಿ ನನಗೆ ಮೂರು ದಿನ ವಯಸ್ಸಾಯಿತು.

ಎಸ್ಕಲೇಟರ್ ಮೇಲಕ್ಕೆ ಮಾತ್ರ ಹೋಗುತ್ತದೆ. "ಇಳಿಯೋದು ಯಾವ ಕಡೆ?" ಎಂದು ಬಾಗಿಲಲ್ಲಿದ್ದ ಸೆಕ್ಯೂರಿಟಿ ಹೆಂಗಸನ್ನು ಕೇಳಿದೆ. "ಅದು ಇನ್ನೂ ಬಂದಿಲ್ಲಮ್ಮಾ. ಸದ್ಯಕ್ಕೆ ಎಲ್ಲಾ ಹತ್ತೋದೇ" ಎಂದಳು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ತಮ್ಮ ಊರುಗೋಲು ಊರಿ ನೂರಹತ್ತು ಹೆಜ್ಜೆ ನಡೆದು ಬೆಂಚಿನ ಮೇಲೆ ಕೂತ. ಜ್ವಾಲಾಮುಖಿ ಹೊಗೆ ಬಿಟ್ಟಿತು. ಅವನು ತಲೆ ಎತ್ತಿಯೂ ನೋಡಲಿಲ್ಲ.

ಮಾರ್ಚ್ 6, ಗುರುವಾರ

ನೂರಿಪ್ಪತ್ತು ಹೆಜ್ಜೆ. ತಲೆನೋವು ನನಗೆ.

ಮಾರ್ಚ್ 10, ಸೋಮವಾರ

ತಮ್ಮ ನಕ್ಕ!

ಕ್ರಮವಾಗಿ ಬರೆಯುತ್ತೇನೆ. ನಾನು ಬುದ್ಧಿ ಇಲ್ಲದೆ ಅವನನ್ನು ಎಸ್ಕಲೇಟರ್ ಹತ್ತಿಸಿಬಿಟ್ಟೆ. ಮೂರನೇ ಮಹಡಿಯಲ್ಲಿ ಬಂದು ನಿಂತರೆ ಇಳಿಯುವ ಲಿಫ್ಟ್ ಎಲ್ಲಿದೆಯೋ ಗೊತ್ತಾಗುತ್ತಿಲ್ಲ. ಒಂದು ನರಪಿಳ್ಳೆಯೂ ಇಲ್ಲ. ಗೋಡೆಯ ಮೇಲೆ ಮಾಲಿನ ನಕ್ಷೆಯ ದೊಡ್ಡ ಬೋರ್ಡ್ ಇತ್ತು, ನಾವು ನಿಂತ ಜಾಗಕ್ಕೆ ಒಂದು ಕೆಂಪು ಚುಕ್ಕೆ. ನಾನು ಕನ್ನಡಕ ಏರಿಸಿಕೊಂಡು ಲಿಫ್ಟ್ ಹುಡುಕುತ್ತಿದ್ದೆ. ಹಿಂದಿನಿಂದ ಕೋಲು ಬೋರ್ಡಿಗೆ ತಟ್ಟಿದ ಸದ್ದು.

"ಅಕ."

"ಸ್ವಲ್ಪ ತಡ್ಕೊಳ್ಳೋ ಮಹಾರಾಯ, ಲಿಫ್ಟ್ ನೋಡ್ತಿದೀನಿ."

ಅವನು ಕೋಲಿನಿಂದ ನನ್ನ ಕಡೆ ತೋರಿಸಿದ. "ಇಲಿ!"

ನಾನು ಕಿಟಾರನೆ ಕಿರುಚಿ ಬೆಂಚಿನ ಮೇಲೆ ಹತ್ತಿದೆ. ಅರವತ್ನಾಲ್ಕು ವರ್ಷದ ನಾನು, ಮಂಡಿನೋವಿನ ನಾನು, ಒಂದೇ ನೆಗೆತಕ್ಕೆ. ಕೆಳಗೆಲ್ಲ ನೋಡಿದರೆ ಇಲಿಯ ಬಾಲವೂ ಇಲ್ಲ. ತಮ್ಮನ ಭುಜ ಅಲ್ಲಾಡುತ್ತಿದೆ. ಅಳುತ್ತಿದ್ದಾನೆ ಎಂದುಕೊಂಡು ಅವಸರದಲ್ಲಿ ಕೆಳಗಿಳಿದೆ. ಅಳುವಲ್ಲ, ನಗು! ಒಂದೇ ಬದಿಯ ಬಾಯಲ್ಲಿ, ಕಣ್ಣಲ್ಲಿ ನೀರು ಬರುವಷ್ಟು. ಕೋಲನ್ನು ಮತ್ತೆ ಕೆಂಪು ಚುಕ್ಕೆಯ ಪಕ್ಕಕ್ಕೆ ತಟ್ಟಿದ. ಅಲ್ಲಿ ಬರೆದಿತ್ತು: 'ನೀವು ಇಲಿ'.

'ನೀವು ಇಲ್ಲಿ' ಎಂದು ಬರೆಯಬೇಕಿತ್ತು. ಲಾವತ್ತು ಹಾರಿಹೋಗಿದೆ. ಮೂವತ್ತೆಂಟು ವರ್ಷ ಕರಡು ತಿದ್ದಿದವಳ ಕಣ್ಣಿಗೆ ಬೀಳಲಿಲ್ಲ, ನಾಲ್ಕು ಮಾತಿನ ತಮ್ಮನ ಕಣ್ಣಿಗೆ ಬಿತ್ತು. ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಅದೇ ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಲೆ ಸೂರ್ಯ ಮುಳುಗಿ ಮತ್ತೆ ಹುಟ್ಟಿದ.

"ಅಕ ಇಲಿ" ಎಂದ ಬಸ್ಸಿನಲ್ಲಿ. ಎರಡು ಪದ, ಒಟ್ಟಿಗೆ.

ಮಾರ್ಚ್ 11, ಮಂಗಳವಾರ

ಬೆಳಗ್ಗೆ ಏಳಕ್ಕೇ ಷೂ ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಾನೆ. ಮಾಲ್ ತೆರೆಯುವುದು ಹತ್ತಕ್ಕೆ ಮಾರಾಯ ಎಂದೆ. ಕೇಳಬೇಕಲ್ಲ.

ಉಳಿದ ಬೋರ್ಡುಗಳಲ್ಲೂ ಅದೇ ತಪ್ಪಿದೆಯೇ ಎಂದು ನೋಡಬೇಕಂತೆ. ಮಾತಿನಲ್ಲಿ ಹೇಳಲಿಲ್ಲ, ಕೋಲಿನಲ್ಲಿ ಹೇಳಿದ. ಒಂದು ಬೋರ್ಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಚಪ್ಪಲಿ ಅಂಗಡಿಯ ಮುಂದೆ ಇಲಿ, ಶೌಚಾಲಯದ ಮುಂದೆ ಇಲಿ, ಹಿಮವಿಲ್ಲದ ಹಿಮದ ಬೆಟ್ಟದ ಮುಂದೆ ಇಲಿ. ಎಣಿಸಿ ಮುಗಿಯುವಾಗ ಮೂವತ್ತೊಂದು. ನಾನೂರ ಅರವತ್ತು ಹೆಜ್ಜೆ ನಡೆದಿದ್ದಾನೆ, ಕಂಬಿ ಹಿಡಿದದ್ದು ಎರಡೇ ಸಲ.

ದೋಣಿಯವನಿಗೆ ತೋರಿಸಿದೆ. "ಮೂರು ತಿಂಗಳಿಂದ ಇದರ ಮುಂದೇನೇ ನಿಂತಿದೀನಿ, ಒಂದಿನಾನೂ ಓದಿಲ್ಲ ನೋಡಿ! ಯಾರೂ ದೋಣಿ ಹತ್ತೋಕೆ ಬರ್ತಿಲ್ಲ ಯಾಕೆ ಅಂತ ಈಗ ಗೊತ್ತಾಯ್ತು. ಇಲಿಗಳಿಗೆ ನೀರು ಕಂಡ್ರೆ ಭಯ ಅಲ್ವಾ" ಎಂದ. ತಮ್ಮ ಮತ್ತೆ ನಗಲು ಶುರು ಮಾಡಿದ.

ಮಾರ್ಚ್ 14, ಶುಕ್ರವಾರ

ಮಾಲಿನ ಮ್ಯಾನೇಜರನ್ನು ಹಿಡಿದೆ. ಟೈ ಕಟ್ಟಿದ ಚಿಕ್ಕ ವಯಸ್ಸಿನವನು, ಕಣ್ಣ ಸುತ್ತ ಕಪ್ಪು. ಪಾಪ, ನಿನ್ನೆ ತಾನೇ ಕನ್ನಡಕದ ಅಂಗಡಿ ಮುಚ್ಚಿದೆ. ತಪ್ಪು ತೋರಿಸಿದಾಗ ತಲೆ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ಮೇಡಂ, ಕಂಪ್ಯೂಟರಲ್ಲಿ ಸರಿಯಾಗೇ ಇತ್ತು. ಪ್ರಿಂಟ್ ಹಾಕೋವಾಗ ಹೋಗಿದೆ. ಹೊಸ ಬೋರ್ಡ್‌ಗೆ ಹೇಳ್ತೀನಿ, ಶೀಘ್ರದಲ್ಲೇ..."

"ನಿಮ್ಮ ಶೀಘ್ರ ನಮಗೆ ಗೊತ್ತಪ್ಪಾ" ಎಂದೆ.

ಅಷ್ಟರಲ್ಲಿ ತಮ್ಮ ಎಡಗೈಯನ್ನು ಮುಂದೆ ಚಾಚಿದ, ಎರಡು ಬೆರಳು ಸೇರಿಸಿ ಕುಂಚ ಹಿಡಿದ ಹಾಗೆ. ಬೋರ್ಡಿನ 'ಲಿ' ಕೆಳಗೆ ಗಾಳಿಯಲ್ಲಿ ಒಂದು ಸುತ್ತು ಎಳೆದ. ನನಗೆ ಒಡನೆ ಅರ್ಥವಾಯಿತು. ಅರ್ಥವಾದದ್ದೇ ಹೆದರಿಕೆಯೂ ಆಯಿತು. ಜೀವಮಾನವೆಲ್ಲ ಬಲಗೈಯಲ್ಲಿ ಬರೆದವನು. ಈಗ ಆ ಎಡಗೈ ಚಮಚವನ್ನೇ ನೆಟ್ಟಗೆ ಹಿಡಿಯುವುದಿಲ್ಲ. ಹತ್ತು ಜನರ ಮುಂದೆ ಕೆಟ್ಟುಹೋದರೆ? ಆರು ವರ್ಷದ ಹಿಂದೆ ಒಮ್ಮೆ ಅವನ ಮುಖ ಕೆಡಿಸಿದವಳು ನಾನೇ ಅಲ್ಲವೆ.

"ಇವರು ಪೇಂಟರಾ?" ಎಂದ ಮ್ಯಾನೇಜರ್.

"ಈ ಊರಲ್ಲಿ ನೀವು ಓದಿರೋ ಬೋರ್ಡಲ್ಲಿ ಅರ್ಧ ಇವನದೇ" ಎಂದೆ. ಜಂಬ ನನ್ನ ಬಾಯಿಂದ ತಾನಾಗಿ ಬಂತು.

ಮ್ಯಾನೇಜರ್ ಕೊನೆಗೆ ಹಿಮದ ಬೆಟ್ಟದ ಮುಂದಿನ ಬೋರ್ಡ್ ಕೊಟ್ಟ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಗುರುವಾರ ಬನ್ನಿ ಎಂದ.

ಮಾರ್ಚ್ 17, ಸೋಮವಾರ

ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ. ಹಳೇ ಪೇಪರು, ಅದರ ತುಂಬ ಲಾವತ್ತು. ದೊಡ್ಡದು, ಸಣ್ಣದು, ವಾಲಿದ್ದು, ಕುಡಿದವರಂತೆ ಬಿದ್ದದ್ದು. ಟರ್ಪೆಂಟೈನ್ ವಾಸನೆಗೆ ಮೂಗು ಉರಿಯುತ್ತಿದೆ. "ನನ್ನ ಮನೇನ ಪೇಂಟ್ ಅಂಗಡಿ ಮಾಡ್ಬಿಟ್ಯಲ್ಲೋ" ಎಂದು ಬೈದೆ. ಮಧ್ಯಾಹ್ನ ಹೋಗಿ ಒಳ್ಳೆಯ ಕುಂಚ ಎರಡು ತಂದೆ. ಅವನ ಹಳೆಯದರ ಕೂದಲು ಉದುರುತ್ತಿತ್ತು, ಅದಕ್ಕೆ.

ಸಂಜೆ ಪೇಪರ್ ಸಾಲದೆ ಮಂಚದ ಕೆಳಗೆ ಕೈ ಹಾಕಿದವನು ನೀಲಿ ಹಲಗೆಯನ್ನು ಎಳೆದ. ನನಗೆ ಎಲ್ಲಿಗೆ ಹೋಗಿ ಅಡಗಲಿ ಎನ್ನಿಸಿತು. ಧೂಳು ಒರೆಸಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

"ನಾನು ಅವತ್ತು ಬಾಯಿ ಮುಚ್ಕೊಂಡಿರಬೇಕಿತ್ತು ಕಣೋ" ಎಂದೆ. ಆರು ವರ್ಷದಿಂದ ಗಂಟಲಲ್ಲಿ ಇದ್ದ ಮಾತು, ಹೇಳಲು ಎರಡು ಕ್ಷಣವೂ ಹಿಡಿಯಲಿಲ್ಲ.

ಅವನು 'ಮ'ದ ಕೆಳಗೆ ಬೆರಳಿಟ್ಟ, ತನ್ನ ನಾಲಿಗೆಯನ್ನು ಹೊರಗೆ ಚಾಚಿ ಅದರ ಮೇಲೂ ಬೆರಳಿಟ್ಟ, ನಕ್ಕ. ಎರಡರಲ್ಲೂ ಒತ್ತಿಲ್ಲ ಎಂದು! ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತೆ.

ಮಾರ್ಚ್ 20, ಗುರುವಾರ

ಒಂದು ಲಾವತ್ತು ಬರೆಯಲು ಮೂರು ಸೂರ್ಯಾಸ್ತ ಹಿಡಿಯಿತು.

ಮೊದಲು ಊರುಗೋಲಿನ ತುದಿಗೆ ಬಟ್ಟೆ ಸುತ್ತಿಸಿದ, ನನ್ನ ಕೈಯಿಂದ. ಆ ತುದಿಯನ್ನು ಬೋರ್ಡಿಗೆ ಒರಗಿಸಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಕೋಲಿನ ಮೇಲೆ ಎಡಗೈ ಊರಿದರೆ ಕೈ ನಡುಗುವುದಿಲ್ಲ. ಬೋರ್ಡ್ ಬರೆಯುವವರೆಲ್ಲ ಹೀಗೇ ಮಾಡುತ್ತಾರಂತೆ. ಇಷ್ಟು ದಿನ ಕಾಲಿಗೆ ಆಸರೆಯಾದ ಕೋಲು ಇವತ್ತು ಕೈಗೆ ಆಯಿತು. ಕಾಲಿಗೆ ನಾನು ನಿಂತೆ, ಹಿಂದಿನಿಂದ ಇನ್ನೊಂದು ಕೈಯಲ್ಲಿ ಸೊಂಟದ ಪಟ್ಟಿ ಹಿಡಿದು.

ಮೊದಲ ಎಳೆ ಹಾದಿ ತಪ್ಪಿತು. ಒರೆಸಿದ. ಎರಡನೆಯದೂ ತಪ್ಪಿತು. ಒರೆಸಿದ. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದ. ಅಷ್ಟು ಹೊತ್ತಿಗೆ ದೋಣಿಯವ ಬಂದ, ಸೆಕ್ಯೂರಿಟಿ ಹೆಂಗಸು ಬಂದಳು, ಐಸ್‌ಕ್ರೀಮ್ ಅಂಗಡಿಯವನು ಅಂಗಡಿ ಬಿಟ್ಟು ಬಂದ. ಆ ಮಹಡಿ ಇಷ್ಟು ಜನ ನೋಡಿದ್ದು ಇವತ್ತೇ ಇರಬೇಕು. ನನ್ನ ನಾಲಿಗೆ ತುದಿಗೆ 'ಸ್ವಲ್ಪ ಎಡಕ್ಕೆ' ಎಂಬ ಮಾತು ಬಂತು. ಹಲ್ಲು ಕಚ್ಚಿ ನುಂಗಿದೆ.

ಮೂರನೆಯ ಸಲ ಎಳೆ ಸರಿಯಾಗಿ ತಿರುಗಿ ಬಂದು ಕೂಡಿತು. ಸ್ವಲ್ಪ ಎಡಕ್ಕೆ ವಾಲಿದೆ. ಆದರೆ ಲಾವತ್ತು! ಯಾರು ನೋಡಿದರೂ ಲಾವತ್ತೇ. 'ನೀವು ಇಲ್ಲಿ'. ಎಲ್ಲರೂ ಚಪ್ಪಾಳೆ ಹೊಡೆದರು. ತಮ್ಮ ನನ್ನ ಕಡೆ ತಿರುಗಿದ, ಅವರ ಕಡೆ ಅಲ್ಲ.

ಕೈಚೀಲದಿಂದ ನನ್ನ ಹಳೇ ಕೆಂಪು ಪೆನ್ಸಿಲ್ ತೆಗೆದು ಬೋರ್ಡಿನ ಮೂಲೆಯಲ್ಲಿ, ಯಾರಿಗೂ ಕಾಣದಷ್ಟು ಸಣ್ಣಗೆ, ಕರಡಿನಲ್ಲಿ ಹಾಕುವ ಹಾಗೆ ಸರಿ ಗುರುತು ಹಾಕಿದೆ. ಅವನಿಗೆ ಕಂಡಿತು.

"ಉಳಿದ ಮೂವತ್ತನ್ನೂ ಮಾಡಿಕೊಡ್ತೀರಾ ಸಾರ್?" ಎಂದ ಮ್ಯಾನೇಜರ್. ಎಷ್ಟು ತಿಂಗಳ ಮೇಲೆ ಅವನನ್ನು ಯಾರಾದರೂ ಸಾರ್ ಎಂದರೋ.

ಮಾರ್ಚ್ 23, ಭಾನುವಾರ

ಆರೈಕೆ ಕೇಂದ್ರದಿಂದ ಫೋನ್. ಹಾಸಿಗೆ ಸಿದ್ಧವಾಗುತ್ತಿದೆ, ಸಂಜೆಯೊಳಗೆ ಫೋನ್ ಮಾಡಿ ಖಚಿತಪಡಿಸಿ ಎಂದರು. ಆಗಲಿ ಎಂದೆ. ಮತ್ತೆ ಮಾಡಲು ಮರೆತೆ.

ಅವನು ಬರೆದವುಗಳಲ್ಲಿ ಚೆನ್ನಾಗಿ ಬಂದ ಲಾವತ್ತಿನ ಹಾಳೆಯನ್ನು ಕ್ಯಾಲೆಂಡರಿನ ಮೇಲೆ ಅಂಟಿಸಿದೆ. ಬೇರೆಲ್ಲೂ ಜಾಗ ಕಾಣಲಿಲ್ಲ.

ಮಾರ್ಚ್ 26, ಬುಧವಾರ

ಏಳು ಬೋರ್ಡ್ ಮುಗಿಯಿತು. ಅದರ ಗೌರವಕ್ಕೆ ದೋಣಿಯವ ನಮ್ಮಿಬ್ಬರನ್ನೂ ದೋಣಿ ಹತ್ತಿಸಿದ. ನದಿ ಬಟ್ಟೆ ಅಂಗಡಿಯ ಹತ್ತಿರ ಹುಟ್ಟಿ ಶೌಚಾಲಯದ ಹಿಂದೆ ಮುಗಿಯುತ್ತದೆ. ನಾವು ಮೂರು ಸುತ್ತು ಹೋದೆವು. ಜ್ವಾಲಾಮುಖಿ ಸರಿಯಾಗಿ ನಾವು ಬರುವಾಗಲೇ ಕೆಮ್ಮಿತು. ತಮ್ಮ ನೀರಿಗೆ ಕೈ ಬಿಟ್ಟು ನನ್ನ ಮುಖಕ್ಕೆ ಎರಚಿದ, ಚಿಕ್ಕವನಿದ್ದಾಗಿನ ಅದೇ ಕಿಡಿಗೇಡಿತನ. ನಾನೂ ಬಿಡಲಿಲ್ಲ. ಇಬ್ಬರೂ ನೆನೆದು ತೊಪ್ಪೆಯಾಗಿ ಬಸ್ಸು ಹತ್ತಿದೆವು.

ಪಕ್ಕದ ಮನೆಯಾಕೆ ಆ ಮಾಲ್ ಬಗ್ಗೆ ಮೂಗು ಮುರಿದಳು. ಸುಮ್ಮನೆ ಬಡಾಯಿ, ಅಲ್ಲೇನಿದೆ ಮಣ್ಣು ಎಂದಳು. ನನಗೆ ರೇಗಿತು. ನಮ್ಮ ಮಾಲಿನಲ್ಲಿ ಏನಿದೆ ಎಂದು ಬಂದು ನೋಡಿದವರಿಗೆ ತಾನೇ ಗೊತ್ತು!

ಮಾರ್ಚ್ 30, ಭಾನುವಾರ

ನಾಳೆ ಅವನ ಮಗಳು ಬರುತ್ತಾಳೆ. ಅವನ ಬ್ಯಾಗಿಗೆ ಬಟ್ಟೆ ಇಟ್ಟೆ. ಇಸ್ತ್ರಿ ಸರಿ ಇಲ್ಲವೆಂದು ತೆಗೆದೆ. ಇಸ್ತ್ರಿ ಮಾಡಿ ಇಟ್ಟೆ. ಕುಂಚ ಇಡಬೇಕೋ ಬೇಡವೋ ಗೊತ್ತಾಗದೆ ತೆಗೆದೆ. ಅಲ್ಲಿ ಟರ್ಪೆಂಟೈನ್ ವಾಸನೆಗೆ ಒಪ್ಪುತ್ತಾರೋ ಇಲ್ಲವೋ. ಅಲ್ಲಿ ಗೋಡೆ ಬಿಳಿಯಂತೆ, ಎಲ್ಲೂ ಒಂದು ಅಕ್ಷರವೂ ಇಲ್ಲವಂತೆ. ಓದಲು ಏನೂ ಇಲ್ಲದ ಕಡೆ ಇವನು ಏನು ಮಾಡುತ್ತಾನೆ?

ಇವತ್ತಿಗೆ ಹನ್ನೊಂದು ಬೋರ್ಡ್. ಇಪ್ಪತ್ತು ಉಳಿದಿವೆ. ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವುದು ನಮ್ಮ ಮನೆತನದಲ್ಲೇ ಇಲ್ಲ. ಯಾರಿಗೆ ಹೇಳಲಿ.

ಅವನು ನನಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಹೋಗುತ್ತೇನೆ ಎಂದುಬಿಟ್ಟರೆ?

ಮಾರ್ಚ್ 31, ಸೋಮವಾರ

ಹುಡುಗಿ ಹತ್ತು ಗಂಟೆಗೆ ಬಂದಳು, ಸಮವಸ್ತ್ರದಲ್ಲೇ, ಡ್ಯೂಟಿ ಮುಗಿಸಿಕೊಂಡು. ಅಪ್ಪ ಎದ್ದು ನಿಂತು ನಾಲ್ಕು ಹೆಜ್ಜೆ ನಡೆದು ಎದುರುಗೊಂಡಿದ್ದು ನೋಡಿ ಅವಳು ಕೈಚೀಲವನ್ನು ಅಲ್ಲೇ ನೆಲಕ್ಕೆ ಬಿಟ್ಟಳು. ಕೂತು ಚಹಾ ಕುಡಿಯುವಾಗ ಬಾಗಿಲ ಪಕ್ಕದ ಬ್ಯಾಗ್ ನೋಡಿದಳು, ಕ್ಯಾಲೆಂಡರ್ ನೋಡಿದಳು, ಅಲ್ಲಿ ತಾರೀಕಿನ ಬದಲು ಲಾವತ್ತು ಇತ್ತು. ನನ್ನನ್ನು ನೋಡಿದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಣಗಿದ ತಟ್ಟೆಯನ್ನೇ ಒರೆಸುತ್ತಿದ್ದೆ.

ರೈಲಿಗೆ ಹಸಿರು ಬಾವುಟ ತೋರಿಸುವವಳು, ಸುತ್ತಿ ಬಳಸಿ ಮಾತಾಡುವುದಿಲ್ಲ. "ಅಪ್ಪಾ, ನಿನ್ನ ಬಾಯಿಂದಾನೇ ಹೇಳು. ನೀನು ಎಲ್ಲಿರ್ತೀಯಾ?"

ತಮ್ಮ ಬಾಯಿ ತೆರೆದ. ತುಟಿ ಒಂದು ಕಡೆ ಎಳೆಯಿತು. ನನ್ನ ಕೈಯಲ್ಲಿದ್ದ ತಟ್ಟೆ ನಿಂತಿತು.

"ಇಲಿ" ಎಂದ.

ಅವಳು ಎರಡೂ ಕಾಲನ್ನು ಸರಕ್ಕನೆ ಕುರ್ಚಿಯ ಮೇಲೆ ಎತ್ತಿಕೊಂಡಳು. "ಅಯ್ಯಯ್ಯೋ, ಎಲ್ಲಿ? ಅತ್ತೆ, ಮನೇಲಿ ಇಲಿ ಇದ್ಯಾ?"

ತಮ್ಮ ಅವಳನ್ನು ನೋಡಲಿಲ್ಲ. ಕಪ್ಪಿನ ಕೆಳಗಿನ ತಟ್ಟೆಯಲ್ಲಿ ಚೆಲ್ಲಿದ್ದ ಚಹಾಕ್ಕೆ ಎಡಗೈಯ ಬೆರಳು ಅದ್ದಿದ. ಮೇಜಿನ ಮೇಲೆ 'ಇಲಿ' ಎಂದು ಬರೆದ. ಮತ್ತೆ ಬೆರಳು ಅದ್ದಿ, ಕೆಳಗೆ, ಅವಸರವಿಲ್ಲದೆ, ಲಾವತ್ತು ಎಳೆದ. ಇವತ್ತಿನದು ಒಂದಿಷ್ಟೂ ವಾಲಿರಲಿಲ್ಲ.

"ಇಲಿ ಅಲ್ಲ ಕಣೇ" ಎಂದೆ. "ಇಲ್ಲಿ ಅಂತಿದಾನೆ. ಇಲ್ಲಿ!"

ಹುಡುಗಿ ಕಾಲು ಕೆಳಗಿಳಿಸಿ ಅಪ್ಪನ ತೋಳಿಗೆ ಮುಖ ಒತ್ತಿ ಅತ್ತಳು, ನಕ್ಕಳು, ಯಾವುದು ಎಷ್ಟು ಎಂದು ಹೇಳಲಾರೆ. "ಅತ್ತೆ, ನಿಮಗೆ ತೊಂದರೆ ಆಗಲ್ವಾ?" ಎಂದಳು. "ಆಗುತ್ತೆ. ಆದ್ರೆ ಏನೀಗ?" ಎಂದೆ. ಆರೈಕೆ ಕೇಂದ್ರಕ್ಕೆ ನಾನೇ ಫೋನ್ ಮಾಡಿ ಹಾಸಿಗೆ ಬೇರೆಯವರಿಗೆ ಕೊಡಿ ಎಂದೆ.

ಮಧ್ಯಾಹ್ನ ಹುಡುಗಿ ಕುರ್ಚಿ ಹತ್ತಿ ನೀಲಿ ಹಲಗೆಯನ್ನು ಬಾಗಿಲಿಗೆ ಮೊಳೆ ಹೊಡೆದು ಹಾಕಿದಳು. ಹಿಂದೆ ಸರಿದು ಓದಿದಳು. "ನೆಮದಿ. ಅತ್ತೆ, ಇದಕ್ಕೊಂದು ಒತ್ತು ಬೇಕಲ್ವಾ? ಅಪ್ಪಾ, ಯಾವಾಗ ಹಾಕ್ತೀಯಾ?"

ತಮ್ಮ ಹಲಗೆಯನ್ನು ನೋಡಿದ, ನನ್ನನ್ನು ನೋಡಿದ, ಮುಖ ಗಂಭೀರ ಮಾಡಿಕೊಂಡು, ಇಷ್ಟು ದಿನದಲ್ಲಿ ಅವನ ಬಾಯಿಂದ ಬಂದ ಅತಿ ಉದ್ದದ ಪದವನ್ನು ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೇಳಿದ.

"ಶೀಗದಲೇ."

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ, ನಗು ತಡೆಯಲಾರದೆ. ನಾಳೆ ಬೇಗ ಹೊರಡಬೇಕು, ನಾಲ್ಕನೇ ಮಹಡಿಯ ಬೋರ್ಡ್ ಇದೆ.